ಅಳಗುಳಿಮಣೆಯ ಮೇಲೆ ಅಂತರ್ಜಲ: ಸುಸ್ಥಿರತೆಯ ಬೋಧನೆಯಲ್ಲಿ ಆಟದ ಉಪಯೋಗ

ಪದವಿ ತರಗತಿಗಳಲ್ಲಿ ಪರಿಸರ ಅಧ್ಯಯನವು ಕಡ್ಡಾಯವಾದ ವಿಷಯವಾಗಿ ಬಂದುದಕ್ಕೆ ಮೂಲ, 1991ರಲ್ಲಿ ಎಂ. ಸಿ. ಮೆಹ್ತಾ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇತ್ತ ನಿರ್ದೇಶನ. ಈ ವಿಷಯವನ್ನು ಓದಿದ ವಿದ್ಯಾರ್ಥಿಗೆ ಸುಸ್ಥಿರತೆಯ ಲಕ್ಷಣವೇನೆಂದು ಕೇಳಿದರೆ, ಮುಂದಿನ ಪೀಳಿಗೆಯವರ ಅಗತ್ಯಗಳಿಗೆ ಕುಂದು ಬಾರದಂತೆ ಇಂದಿನವರು ತಮ್ಮ ಅಗತ್ಯಗಳನ್ನು ಪೂರೈಸಿಕೊಳ್ಳುವುದು ಎಂದು ತಡವರಿಸದೆ ಹೇಳುತ್ತಾನೆ. 1987ರ ಬ್ರುಂಟ್‌ಲಾಂಡ್ ವರದಿಯ ಈ ಮಾತು ಸತ್ಯವಾದುದು, ಬಾಯಿಪಾಠಕ್ಕೂ ಅನುಕೂಲವಾದುದು. ಆದರೆ ಪ್ರತಿಯೊಬ್ಬನೂ ತನ್ನ ಮಟ್ಟಿಗೆ ಬುದ್ಧಿವಂತಿಕೆಯಿಂದಲೇ ನಡೆದುಕೊಂಡರೂ ಊರಿನ ನೀರು ಬರಿದಾಗುವುದೇಕೆ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಆ ಉತ್ತರವನ್ನು ಉಪನ್ಯಾಸಕ್ಕಿಂತ ಆಟವು ಚೆನ್ನಾಗಿ ಕಲಿಸಬಲ್ಲದೆಂಬುದನ್ನೂ, ಎಲ್ಲ ಆಟಗಳೂ ಅದನ್ನು ಕಲಿಸಲಾರವೆಂಬುದನ್ನೂ ಇಲ್ಲಿ ವಿವರಿಸಲಾಗುವುದು.

ಉದಾಹರಣೆಗೆ ಬಿಡದಿಯ ಪ್ರದೇಶವನ್ನು ತೆಗೆದುಕೊಳ್ಳೋಣ. ಅಲ್ಲಿನ ಕೈಗಾರಿಕಾ ವಸಾಹತು, ರೇಷ್ಮೆಯ ರಾಮನಗರ, ಬೊಂಬೆಗಳ ಚನ್ನಪಟ್ಟಣ ಇವೆಲ್ಲ ಒಂದೇ ಹೆದ್ದಾರಿಯ ಮೇಲಿವೆ. ಕಾರ್ಖಾನೆಯೂ ಹಿಪ್ಪುನೇರಳೆಯ ತೋಟವೂ ಅಕ್ಕಪಕ್ಕದಲ್ಲಿರುವ ಈ ಸೀಮೆಯಲ್ಲಿ ಒಂದೇ ಮನೆಯ ಅಣ್ಣ ಕಾರ್ಖಾನೆಯ ಪಾಳಿಗೆ ಹೋಗಿ, ತಮ್ಮ ಕೊಳವೆಬಾವಿಯ ಪಂಪು ಹಾಕಲು ಹೋಗುವುದು ಅಪರೂಪವೇನಲ್ಲ. ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯವರು ತಮ್ಮ ಬಿಡದಿಯ ಆವರಣದಲ್ಲಿ ಶಾಲಾ ಮಕ್ಕಳಿಗಾಗಿ ಇಕೋಝೋನ್ ಎಂಬ ಪರಿಸರ ಕಲಿಕೆಯ ತಾಣವನ್ನು ಏರ್ಪಡಿಸಿದ್ದಾರೆ. ಇಂಥ ತಾಣಗಳಲ್ಲಿ ಕಣ್ಣಾರೆ ಕಂಡು ತಿಳಿಯುವ ಅವಕಾಶವುಂಟು, ಅದು ಸ್ವಾಗತಾರ್ಹ. ಆದರೆ ನೋಡಿ ತಿಳಿಯುವುದು ಬೇರೆ, ತಾನೇ ಆಯ್ಕೆಮಾಡಿ ಅದರ ಫಲವನ್ನುಣ್ಣುವುದು ಬೇರೆ. ಆಟದ ಕ್ಷೇತ್ರ ಈ ಎರಡನೆಯದು.

ಆಟದಿಂದ ತತ್ತ್ವವನ್ನು ಕಲಿಸುವ ಪದ್ಧತಿ ಮೈಸೂರು ಸೀಮೆಗೆ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಅನೇಕ ಮಣೆಯಾಟಗಳನ್ನು ಕಲ್ಪಿಸಿದವರು. ಅವರ ಶ್ರೀತತ್ತ್ವನಿಧಿಯಲ್ಲಿ ಕೌತುಕನಿಧಿಯೆಂಬ ಭಾಗವೇ ಆಟಗಳಿಗೆ ಮೀಸಲು. ಪರಮಪದ ಸೋಪಾನಪಟವಂತೂ ಪುಣ್ಯಪಾಪಗಳನ್ನು ಏಣಿ ಹಾವುಗಳಾಗಿ ತೋರಿಸಿ ಜನಸಾಮಾನ್ಯರಿಗೆ ಧರ್ಮವನ್ನು ಬೋಧಿಸಿತು. ಇಂದು ಪರಿಸರದ ಹೆಸರಿನಲ್ಲಿ ಬರುವ ಆಟಗಳಲ್ಲಿ ಅನೇಕವು ಇದರ ಮರಿಗಳೇ: ಗಿಡ ನೆಟ್ಟರೆ ಏಣಿ, ಪ್ಲಾಸ್ಟಿಕ್ ಸುಟ್ಟರೆ ಹಾವು. ಇವುಗಳಲ್ಲಿ ಒಂದು ಮೂಲಭೂತ ಕೊರತೆಯಿದೆ. ಹುಡುಗ ಹಾವಿನ ಬಾಯಿಗೆ ಬೀಳುವುದು ದಾಳದಿಂದ, ತನ್ನ ನಿರ್ಧಾರದಿಂದಲ್ಲ. ಕರ್ಮಫಲವನ್ನು ಬೋಧಿಸುವವರಿಗೆ ಇದು ಒಪ್ಪಬಹುದೇನೋ. ನೀರಿನ ಹಂಚಿಕೆಯನ್ನು ಬೋಧಿಸುವವರಿಗೆ ಒಪ್ಪದು.

ಆಟವು ಕಲಿಸುವುದು ಅದರ ಮೇಲೆ ಬರೆದ ಘೋಷಣೆಯನ್ನಲ್ಲ, ಅದರ ನಿಯಮವನ್ನು. ಇದಕ್ಕೆ ಪ್ರಸಿದ್ಧವಾದ ನಿದರ್ಶನ ಅಮೆರಿಕದ ಎಲಿಜಬೆತ್ ಮ್ಯಾಗಿ ಎಂಬಾಕೆ 1904ರಲ್ಲಿ ಹಕ್ಕುಪತ್ರ ಪಡೆದ ಭೂಮಾಲೀಕನ ಆಟ. ಭೂಮಿಯ ಏಕಸ್ವಾಮ್ಯದಿಂದಾಗುವ ಕೇಡನ್ನು ತೋರಿಸಬೇಕೆಂಬುದು ಆಕೆಯ ಉದ್ದೇಶ. ಅದರ ಸಂತತಿಯಾಗಿ 1935ರಲ್ಲಿ ಮಾರುಕಟ್ಟೆಗೆ ಬಂದ ಮೊನಾಪಲಿಯಲ್ಲಿ ಉಳಿದುದು ಇತರರನ್ನು ದಿವಾಳಿ ಮಾಡಿದವನೇ ಗೆಲ್ಲುವನೆಂಬ ನಿಯಮ. ಆಡಿದವರು ಅದನ್ನೇ ಕಲಿತರು. ಇದಕ್ಕೆ ವಿರುದ್ಧವಾದ ಉದಾಹರಣೆ, 1972ರ ‘ಬೆಳವಣಿಗೆಯ ಮಿತಿಗಳು’ ಗ್ರಂಥದ ಕರ್ತೃಗಳಲ್ಲೊಬ್ಬರಾದ ಡೆನಿಸ್ ಮೆಡೋಸ್ ರಚಿಸಿದ ಮೀನುಗಾರಿಕೆಯ ಆಟ. ಅದರಲ್ಲಿ ಯಾರೂ ಉಪದೇಶ ಮಾಡುವುದಿಲ್ಲ. ಪ್ರತಿ ತಂಡವೂ ಲಾಭಕ್ಕಾಗಿ ದೋಣಿಗಳನ್ನು ಹೆಚ್ಚಿಸುತ್ತ ಹೋಗುತ್ತದೆ. ಕಡಲಿನಲ್ಲಿ ಮೀನು ತೀರುತ್ತ ಬಂದುದು ತಿಳಿಯುವ ವೇಳೆಗೆ ಕಾಲ ಮಿಂಚಿರುತ್ತದೆ.

ಕಡಲಿಲ್ಲದ ನಮ್ಮ ಬಯಲುಸೀಮೆಗೆ ಇದನ್ನು ಅಳವಡಿಸುವ ಬಗೆ ಹೇಗೆ? ನಮ್ಮ ಮನೆಗಳ ಅಳಗುಳಿಮಣೆಯೇ ಸಾಕು. ಸಾಲಿಗೆ ಏಳರಂತೆ ಎರಡು ಸಾಲು, ಹದಿನಾಲ್ಕು ಗುಳಿ. ಮೇಲಿನ ಸಾಲಿನ ಆರು ಗುಳಿಗಳಲ್ಲಿ ನಾಲ್ಕು ನಾಲ್ಕು ಹುಣಿಸೆಬೀಜಗಳನ್ನು ಹಾಕಿದರೆ 24 ಆಯಿತು. ಇದು ಊರಿನ ಅಂತರ್ಜಲ. ಆಡುವವರು ನಾಲ್ವರು, ಒಬ್ಬೊಬ್ಬರಿಗೂ ಒಂದು ಕೊಳವೆಬಾವಿ. ಪ್ರತಿ ವರ್ಷವೂ ಪ್ರತಿಯೊಬ್ಬನೂ ಇತರರಿಗೆ ತಿಳಿಯದಂತೆ ಬೆಳೆಯನ್ನು ಆರಿಸಿಕೊಳ್ಳಬೇಕು. ರಾಗಿಗೆ ಒಂದು ಬೀಜ ಖರ್ಚು, ಎರಡು ಅಂಕ ಲಾಭ. ಭತ್ತಕ್ಕೆ ಮೂರು ಬೀಜ ಖರ್ಚು, ಐದು ಅಂಕ ಲಾಭ. ವರ್ಷಾಂತ್ಯದಲ್ಲಿ ಮಳೆಯಿಂದ ನಾಲ್ಕು ಬೀಜ ಮರಳಿ ಸೇರುತ್ತವೆ.

ಯಾರಿಗಾದರೂ ಮೊದಲು ಹೊಳೆಯುವ ನಿಯಮಗಳು ಇವು. ಅಧ್ಯಾಪಕರು ಇವನ್ನು ತರಗತಿಗೆ ಒಯ್ಯುವ ಮುನ್ನ ಲೆಕ್ಕ ಹಾಕಿ ನೋಡತಕ್ಕದ್ದು. ನಾಲ್ವರೂ ರಾಗಿಯನ್ನೇ ಬೆಳೆದರೆ ನೀರಿನ ಮಟ್ಟ ಎಂದಿಗೂ ಇಳಿಯದು. ಹತ್ತು ವರ್ಷಕ್ಕೆ ತಲಾ 20 ಅಂಕ. ನಾಲ್ವರೂ ಭತ್ತಕ್ಕೆ ಕೈಹಾಕಿದರೆ ಎರಡು ವರ್ಷಗಳಲ್ಲಿ ತಲಾ 10 ಅಂಕ ಬಂದು, ನೀರು 24ರಿಂದ 8ಕ್ಕೆ ಇಳಿಯುತ್ತದೆ. ಮೂರನೆಯ ವರ್ಷ ಇಬ್ಬರಿಗೆ ಭತ್ತ, ಇಬ್ಬರಿಗೆ ರಾಗಿ. ಆ ಬಳಿಕ ಮಳೆಯ ನಾಲ್ಕು ಬೀಜಗಳೇ ಆಧಾರವಾಗಿ, ನಾಲ್ವರೂ ಬೆಳೆಯಬೇಕಾದರೆ ರಾಗಿಯೇ ಗತಿ. ಆದರೂ ಹತ್ತು ವರ್ಷಗಳ ಮೊತ್ತ ಇಬ್ಬರಿಗೆ 29, ಇಬ್ಬರಿಗೆ 26! ಅಂದರೆ ಈ ನಿಯಮಗಳ ಪ್ರಕಾರ ನೀರನ್ನು ಬಗೆದು ಬರಿದುಮಾಡುವುದೇ ಜಾಣತನ. ಸುಸ್ಥಿರತೆಯ ಹೆಸರಿನ ಆಟ ಅದರ ವಿರುದ್ಧವನ್ನು ಬೋಧಿಸಿತು.

ಕೊರತೆ ಎಲ್ಲಿದೆಯೆಂಬುದು ಕೊಳವೆಬಾವಿ ಕೊರೆಸಿದ ರೈತನಿಗೆ ಕೂಡಲೆ ತಿಳಿಯುತ್ತದೆ. ನೀರು ಆಳಕ್ಕಿಳಿದ ಹಾಗೆಲ್ಲ ಬಾವಿಯನ್ನು ಇನ್ನೂ ಕೊರೆಸಬೇಕು, ಹೆಚ್ಚಿನ ಶಕ್ತಿಯ ಪಂಪು ಬೇಕು, ಸಾಲ ಬೇಕು. ಆದುದರಿಂದ ಇನ್ನೊಂದು ನಿಯಮ: ವರ್ಷಾರಂಭದಲ್ಲಿ ಬೀಜಗಳು 12ಕ್ಕಿಂತ ಕಡಮೆಯಿದ್ದರೆ, ಎತ್ತುವ ಒಂದೊಂದು ಬೀಜಕ್ಕೂ ಒಂದು ಅಂಕ ತೆರಬೇಕು. ಈಗ ಭತ್ತದ ದಾರಿ ಹಿಡಿದವರಿಗೆ ಹತ್ತು ವರ್ಷಗಳಲ್ಲಿ ಸಿಗುವುದು 19 ಅಥವಾ 18, ರಾಗಿಯವರಿಗೆ 20. ಇಪ್ಪತ್ತು ವರ್ಷ ಆಡಿದರೆ 29 ಅಥವಾ 28ಕ್ಕೆ ಎದುರಾಗಿ 40. ಐದೇ ವರ್ಷಕ್ಕೆ ಆಟ ನಿಲ್ಲಿಸಿದರೆ ಮಾತ್ರ ಭತ್ತದವರಿಗೆ 14 ಅಥವಾ 13, ರಾಗಿಯವರಿಗೆ ಬರಿಯ 10. ಐದು ವರ್ಷಗಳ ಅವಧಿಯ ಲೆಕ್ಕ ಸಾರ್ವಜನಿಕ ಜೀವನದಲ್ಲಿ ಎಲ್ಲೆಲ್ಲಿ ನಡೆಯುತ್ತದೆಂಬುದನ್ನು ರಾಜ್ಯಶಾಸ್ತ್ರದ ವಿದ್ಯಾರ್ಥಿಗಳು ಊಹಿಸಬಹುದು. ಆಟ ಯಾವ ವರ್ಷಕ್ಕೆ ಮುಗಿಯುವುದೆಂದು ಆಟಗಾರರಿಗೆ ಮೊದಲೇ ತಿಳಿಸಬಾರದು.

ಇದಕ್ಕಿಂತಲೂ ಮುಖ್ಯವಾದ ಸಂದರ್ಭವೊಂದಿದೆ. ಮೂವರು ರಾಗಿಗೆ ಕಟ್ಟುಬಿದ್ದು ಒಬ್ಬನು ಮಾತ್ರ ಭತ್ತ ಬೆಳೆದರೆ ವರ್ಷಕ್ಕೆ ಎರಡೇ ಬೀಜ ಕಡಮೆಯಾಗುತ್ತವೆ. ಏಳು ವರ್ಷಗಳವರೆಗೆ ಯಾರಿಗೂ ಏನೂ ತಟ್ಟುವುದಿಲ್ಲ. ಅಷ್ಟರಲ್ಲಿ ಅವನಿಗೆ 35 ಅಂಕ, ನೆರೆಯವರಿಗೆ ತಲಾ 14. ಎಂಟನೆಯ ವರ್ಷ ನೀರು 10ಕ್ಕೆ ಇಳಿದಿರುತ್ತದೆ. ದಂಡ ಮಾತ್ರ ನಾಲ್ವರಿಗೂ ಬೀಳುತ್ತದೆ. ಮೂರನೆಯ ಅಥವಾ ನಾಲ್ಕನೆಯ ವರ್ಷದಲ್ಲೇ ನೆರೆಯವರೂ ‘ನಾವೇಕೆ ಬಿಡಬೇಕು?’ ಎಂದು ಭತ್ತಕ್ಕೆ ತಿರುಗುವುದು ಸಹಜ. ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಸಮುದಾಯದ ಸ್ವತ್ತಿನ ದುರಂತವೆಂದು ಕರೆದುದು ಇದನ್ನೇ. ಈ ದುರಂತ ಅನಿವಾರ್ಯವಲ್ಲ, ಜನ ತಾವೇ ಕಟ್ಟಳೆ ಮಾಡಿಕೊಂಡು ಪಾಲಿಸಬಲ್ಲರು ಎಂದು ಎಲಿನೋರ್ ಆಸ್ಟ್ರಮ್ 1990ರ ತಮ್ಮ ಗ್ರಂಥದಲ್ಲಿ ತೋರಿಸಿ, 2009ರಲ್ಲಿ ನೊಬೆಲ್ ಪಾರಿತೋಷಿಕ ಪಡೆದರು. ಆದಕಾರಣ ಮೊದಲ ಆಟವನ್ನು ಮೌನವಾಗಿಯೂ, ಎರಡನೆಯದನ್ನು ಪರಸ್ಪರ ಮಾತಾಡಿಕೊಂಡೂ ಆಡಿಸುವುದು ಒಳ್ಳೆಯದು.

ಇದು ತರಗತಿಯ ವಿನೋದ ಮಾತ್ರವಲ್ಲ. ನೆರೆಯ ಆಂಧ್ರಪ್ರದೇಶದ ಹಳ್ಳಿಗಳಲ್ಲಿ ಅಂತಾರಾಷ್ಟ್ರೀಯ ಆಹಾರ ನೀತಿ ಸಂಶೋಧನಾ ಸಂಸ್ಥೆಯ ರೂತ್ ಮೈನ್ಜೆನ್-ಡಿಕ್ ಮತ್ತು ಸಂಗಡಿಗರು ಇಂಥದೇ ಬೆಳೆ ಆಯ್ಕೆಯ ಆಟವನ್ನು ರೈತರಿಂದಲೇ ಆಡಿಸಿದರು. 2018ರಲ್ಲಿ ಪ್ರಕಟವಾದ ಅವರ ವರದಿಯಂತೆ, ಆಟ ನಡೆದ ಊರುಗಳು ಅದೇ ಯೋಜನೆಯ ಇತರ ಊರುಗಳಿಗಿಂತ ಹೆಚ್ಚಾಗಿ ನೀರಿನ ಲೆಕ್ಕದ ಪುಸ್ತಕವನ್ನೂ ಬಳಕೆಯ ಕಟ್ಟಳೆಗಳನ್ನೂ ಅಂಗೀಕರಿಸಿದುವು. ಇದಕ್ಕೆ ಆಟವೊಂದೇ ಕಾರಣವೆಂದು ಅವರು ಸಾಧಿಸಹೋಗಿಲ್ಲ. ಇನ್ನೂ ಕ್ರಮಬದ್ಧವಾದ ಪರೀಕ್ಷೆ ಬೇಕೆಂದಿದ್ದಾರೆ. ಆ ಎಚ್ಚರವನ್ನು ನಾವೂ ಇಟ್ಟುಕೊಳ್ಳಬೇಕು.

ಬಿಡದಿಯ ಸಮಸ್ಯೆ ಇಲ್ಲಿಗೆ ಮುಗಿಯುವುದಿಲ್ಲ. ಬೆಂಗಳೂರಿನಲ್ಲಿ ಹುಟ್ಟುವ ವೃಷಭಾವತಿ ನಗರದ ಚರಂಡಿ ನೀರನ್ನೂ ಕೈಗಾರಿಕೆಗಳ ಕೊಳೆಯನ್ನೂ ಹೊತ್ತು, ಕೆಂಗೇರಿಯನ್ನು ಹಾದು, ಬಿಡದಿಯ ಸಮೀಪದ ಬೈರಮಂಗಲದ ಕೆರೆಗೆ ಬರುತ್ತದೆ. ಮುಂದೆ ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರುತ್ತದೆ. ಇಲ್ಲಿ ನೀರಿನ ಕೊರತೆಯಲ್ಲ, ನೀರಿನ ಕೇಡು. ಮಣೆಯ ಕೆಳಸಾಲನ್ನು ಈ ಹೊಳೆಯೆಂದು ಭಾವಿಸಬಹುದು. ಮೊದಲ ಮೂರು ಗುಳಿಗಳಲ್ಲಿ ನಗರದವರು, ನಾಲ್ಕನೆಯದರಲ್ಲಿ ಕೆರೆಯ ರೈತ. ಮೇಲಿನ ಮೂವರಿಗೂ ವರ್ಷಕ್ಕೊಂದು ಕೆಂಪು ಮಣಿ ಬರುತ್ತದೆ. ಒಂದು ಅಂಕ ತೆತ್ತು ಅದನ್ನು ತೊಳೆದು ತೆಗೆಯಬಹುದು. ಇಲ್ಲವಾದರೆ ಅದು ವರ್ಷಕ್ಕೊಂದು ಗುಳಿಯಂತೆ ಕೆಳಕ್ಕೆ ಸಾಗುತ್ತದೆ. ಕೆರೆಗೆ ಬಂದ ಒಂದೊಂದು ಮಣಿಗೂ ರೈತನ ಬೆಳೆಯಲ್ಲಿ ಒಂದು ಅಂಕ ಕಡಮೆ. ಕೆಂಪು ಮಣಿಗೆ ಗುಲಗಂಜಿ ಬೇಡ, ಅದು ವಿಷಬೀಜ. ಹಾಲೆಮರವನ್ನು ತಿರುಗಣೆಯ ಮೇಲೆ ಕಡೆದು, ಆ ಕಾವಿನಲ್ಲೇ ಅರಗಿನ ಬಣ್ಣ ಹತ್ತಿಸಿದ ಚನ್ನಪಟ್ಟಣದ ಮಣಿಗಳು ಹತ್ತಿರದಲ್ಲೇ ದೊರೆಯುತ್ತವೆ. ಸುಸ್ಥಿರತೆಯ ಪಾಠಕ್ಕೆ ಪ್ಲಾಸ್ಟಿಕ್ ಸಾಮಗ್ರಿ ಕೊಳ್ಳುವುದು ನಗೆಪಾಟಲು.

ಈ ಎರಡನೆಯ ಆಟ ಮೊದಲನೆಯದರಂತಲ್ಲ. ಕೊಳವೆಬಾವಿಯ ಆಟದಲ್ಲಿ ಅತಿಯಾಸೆಯವನಿಗೂ ಕೊನೆಗೆ ಪೆಟ್ಟು ಬೀಳುತ್ತದೆ. ಆದುದರಿಂದ ಮಾತುಕತೆಯಿಂದ ಒಪ್ಪಂದ ಸಾಧ್ಯ. ಹೊಳೆಯ ಆಟದಲ್ಲಿ ಮೇಲಿನವನಿಗೆ ಯಾವ ಪೆಟ್ಟೂ ಇಲ್ಲ, ಕೆಳಗಿನವನಿಗೆ ಯಾವ ಆಯ್ಕೆಯೂ ಇಲ್ಲ. ಎಷ್ಟು ಮಾತಾಡಿದರೂ ಕಾನೂನಿನ ದಂಡವಾಗಲಿ, ಶುದ್ಧೀಕರಣದ ವೆಚ್ಚದ ಹಂಚಿಕೆಯಾಗಲಿ ಇಲ್ಲದೆ ಮಣಿಗಳು ನಿಲ್ಲುವುದಿಲ್ಲ. ಆ ಕಾನೂನನ್ನು ಆಟಗಾರರೇ ರಚಿಸಲಿ. ಆ ನೀರಿನಿಂದ ಬೆಳೆದ ಮೇವೂ ಅದನ್ನು ತಿಂದ ಹಸುವಿನ ಹಾಲೂ ಬೈರಮಂಗಲದಲ್ಲೇ ನಿಲ್ಲುವುದಿಲ್ಲ, ಪೇಟೆಗೆ ಹೋಗುತ್ತವೆ ಎಂಬುದನ್ನು ಯಾರಾದರೂ ವಿದ್ಯಾರ್ಥಿ ಎತ್ತಿ ಹೇಳಿದರೆ, ನಾಲ್ಕನೆಯ ಗುಳಿಯಿಂದ ಒಂದನೆಯದಕ್ಕೆ ಕೆಲವು ಮಣಿಗಳು ಮರಳುವಂತೆ ನಿಯಮವನ್ನು ತಿದ್ದಿಕೊಂಡು ಮತ್ತೆ ಆಡಬಹುದು.

ಎರಡೂ ಆಟಗಳಿಗೆ ಒಂದೊಂದು ಪಾಠದ ಅವಧಿ ಸಾಕು. ಅದರಲ್ಲಿ ಅರ್ಧವನ್ನು ಚರ್ಚೆಗೆ ಬಿಡತಕ್ಕದ್ದು. ಸ್ಥಾನಗಳನ್ನು ಚೀಟಿಯೆತ್ತಿ ಹಂಚಬೇಕು. ಎರಡನೆಯ ಸುತ್ತಿನಲ್ಲಿ ಮೇಲಿನ ಗುಳಿಯವನು ಕೆರೆಯ ಗುಳಿಗೆ ಬರಬೇಕು. ಗಳಿಸಿದ ಅಂಕಗಳನ್ನು ಆಂತರಿಕ ಪರೀಕ್ಷೆಯ ಅಂಕಗಳಿಗೆ ಸೇರಿಸಕೂಡದು. ಸೇರಿಸಿದರೆ ವಿದ್ಯಾರ್ಥಿಗಳು ಊರಿನ ನೀರಿನ ಬದಲು ತಮ್ಮ ಅಂಕಪಟ್ಟಿಯನ್ನೇ ನೋಡುತ್ತ ಆಡುತ್ತಾರೆ.