ಪ್ರಶ್ನೆಯ ಬಾಯಿ ಮುಚ್ಚಿಸುವ ಹೊಗಳಿಕೆ

ಮೇಲುನೋಟಕ್ಕೆ ಸ್ತುತಿಯಾಗಿದ್ದು ಒಳಗೆ ನಿಂದೆಯಾಗಿರುವ ಮಾತನ್ನು ನಮ್ಮ ಆಲಂಕಾರಿಕರು ‘ವ್ಯಾಜಸ್ತುತಿ’ ಎಂದು ಕರೆದರು. ಅಥಣಿ ತಾಲ್ಲೂಕಿನ ಸತ್ತಿಯಂಥ ಊರುಗಳಿಂದ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಹೋಗುವ ಹುಡುಗ ಹುಡುಗಿಯರಿಗೆ ಈ ಹೆಸರು ಗೊತ್ತಿರಲಿಕ್ಕಿಲ್ಲ. ಅದರ ಪ್ರಯೋಗ ಮಾತ್ರ ಅವರಿಗೆ ನೀರು ಕುಡಿದಷ್ಟು ಸಲೀಸು.

ಒಂದು ಗಂಟೆ ತಡವಾಗಿ ಬಂದ ಬಸ್ಸಿಗೆ ‘ಎಷ್ಟ್ ಲಗೂ ಬಂತಲ್ಲಪಾ!’ ಎಂಬ ಸ್ವಾಗತ ಸಿಗುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಕಾದು ನಿಂತವರೆಲ್ಲರೂ ನಗುತ್ತಾರೆ. ಬ್ರಿಟಿಷ್ ಮೂಲದ ತತ್ತ್ವಜ್ಞಾನಿ ಪಾಲ್ ಗ್ರೈಸ್ 1975ರಲ್ಲಿ ಪ್ರಕಟವಾದ ತಮ್ಮ ಪ್ರಬಂಧವೊಂದರಲ್ಲಿ ತೋರಿಸಿದಂತೆ, ವಾಸ್ತವವೇನೆಂಬುದು ಆಡುವವನಿಗೂ ಕೇಳುವವನಿಗೂ ಮೊದಲೇ ತಿಳಿದಿರುವುದರಿಂದಲೇ ಇಂಥ ಮಾತಿನ ಒಳಾರ್ಥ ಹೊಳೆಯುತ್ತದೆ. ಎಲ್ಲರೂ ಒಂದೇ ಸಂಕಟದಲ್ಲಿರುವಾಗ ವ್ಯಂಗ್ಯವು ಆ ಸಂಕಟವನ್ನು ಹಗುರಗೊಳಿಸಿ ಗೆಳೆತನವನ್ನು ಬೆಸೆಯುತ್ತದೆ. ಹಿರಿಯರೆದುರು ನೇರವಾಗಿ ಮಾತನಾಡಲಾಗದ ವಯಸ್ಸಿನವರಿಗೆ ಅದು ಬೇಕೂ ಹೌದು.

ಅದೇ ಮಾತು ತರಗತಿಯೊಳಗೆ ಕಾಲಿಟ್ಟಾಗ ಅದರ ಗುಣ ಬದಲಾಗುತ್ತದೆ. ಉತ್ತರ ಕರ್ನಾಟಕದಲ್ಲಿ ‘ಶಾಣ್ಯಾ’ ಎಂದರೆ ಜಾಣ. ಪಾಠದ ನಡುವೆ ಒಬ್ಬ ಎದ್ದು ಸಂದೇಹ ಕೇಳಿದನೆನ್ನಿ. ಹಿಂದಿನ ಬೆಂಚಿನಿಂದ ‘ಭಾರಿ ಶಾಣ್ಯಾ ಅದಾನ ಬಿಡಪಾ’ ಎಂಬ ಉದ್ಗಾರ ಏಳುತ್ತದೆ. ಆತ ಮತ್ತೊಮ್ಮೆ ಎದ್ದು ನಿಲ್ಲುವುದಿಲ್ಲ. ಅರ್ಥಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಪ್ರಶ್ನೆಯ ಬೆಲೆ ಏರಿತು, ಬೇಡಿಕೆ ಕುಸಿಯಿತು.

ಈ ಬೆಲೆಯನ್ನು ಎಲ್ಲರೂ ಸಮನಾಗಿ ತೆರುವುದಿಲ್ಲ ಎಂಬುದೇ ಚಿಂತೆಯ ವಿಷಯ. ಅನುಕೂಲಸ್ಥರ ಮಗ ಸಂಜೆಯ ಟ್ಯೂಷನ್‌ನಲ್ಲಿ ಕೇಳಿಕೊಂಡಾನು. ಕುಟುಂಬದಲ್ಲೇ ಮೊದಲ ಬಾರಿಗೆ ಪದವಿ ತರಗತಿಯ ಮೆಟ್ಟಿಲೇರಿದ ರೈತನ ಮಗಳಿಗೆ ಕೇಳಲು ಬೇರೆ ಜಾಗವಿಲ್ಲ. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯ ಸ್ಥಾಪನೆಯಾಗುವವರೆಗೆ ಈ ಭಾಗದ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. ವಿಶ್ವವಿದ್ಯಾಲಯವೇನೋ ಹತ್ತಿರ ಬಂದಿತು. ಪ್ರಶ್ನೆ ಕೇಳುವ ಧೈರ್ಯ ದೂರವೇ ಉಳಿದರೆ ಫಲವೇನು?

ವಿದ್ಯಾರ್ಥಿಗಳ ವ್ಯಂಗ್ಯವನ್ನು ನಿಷೇಧಿಸಲು ಆಗದು, ಆಗಲೂಬಾರದು. ಮಾಡಬೇಕಾದುದು ಉಪನ್ಯಾಸಕರ ಕೈಯಲ್ಲಿದೆ. ಹಿಂದಿನ ಬೆಂಚಿನ ನಗೆಯಲ್ಲಿ ಅವರೂ ಪಾಲುಗೊಂಡರೆ ಕೇಳಿದವನ ಬಾಯಿ ಶಾಶ್ವತವಾಗಿ ಮುಚ್ಚಿದಂತೆಯೇ; ಏಕೆಂದರೆ ಗೆಳೆಯನ ಕೊಂಕಿಗೆ ತಿರುಗೇಟು ಕೊಡಬಹುದು, ಗುರುವಿನ ಕೊಂಕಿಗೆ ಕೊಡಲಾಗದು. ಅದರ ಬದಲು ನಗು ಅಡಗುವವರೆಗೆ ಕಾದು, ಕೇಳಿದ ಪ್ರಶ್ನೆಗೆ ಪೂರ್ಣ ಉತ್ತರ ಕೊಟ್ಟರೆ ಸಾಕು. ‘ಶಾಣ್ಯಾ’ ಎಂಬ ಮಾತು ಆಗ ತನ್ನ ಮೂಲ ಅರ್ಥಕ್ಕೆ ಮರಳೀತು.