ಐನೂರ್ವರ ಐಹೊಳೆ: ವರ್ತಕರು ನೋಡಲೇಬೇಕಾದ ಮಲಪ್ರಭೆಯ ತೀರ

ಬಾಗಲಕೋಟೆ ಜಿಲ್ಲೆಯ ಬಾದಾಮಿಗೆ ಹೋಗಿ ಬಂದವರ ಸಂಖ್ಯೆ ದೊಡ್ಡದು. ಕೆಂಪು ಮರಳುಗಲ್ಲಿನ ಬೆಟ್ಟದಲ್ಲಿ ಕೊರೆದ ನಾಲ್ಕು ಗುಹಾಲಯಗಳು, ಅವುಗಳ ಕೆಳಗೆ ಅಗಸ್ತ್ಯ ತೀರ್ಥ, ಅದರ ದಡದಲ್ಲಿ ಭೂತನಾಥ ದೇವಾಲಯ. ಇಷ್ಟನ್ನು ಅರ್ಧ ದಿನದಲ್ಲಿ ಮುಗಿಸಿ, ಪಟ್ಟದಕಲ್ಲಿಗೆ ಧಾವಿಸಿ, ಸಂಜೆಗೆ ಮರಳುವುದು ವಾಡಿಕೆ. ಐಹೊಳೆಯಾದರೋ ‘ಸಮಯ ಉಳಿದರೆ ನೋಡೋಣ’ ಎಂಬ ಪಟ್ಟಿಗೆ ಸೇರಿಬಿಡುತ್ತದೆ. ವ್ಯಾಪಾರವನ್ನೇ ವೃತ್ತಿಯಾಗಿ ಉಳ್ಳವರಿಗಾದರೂ ಈ ಕ್ರಮ ತಿರುಗುಮುರುಗಾಗಬೇಕು.

ಏಕೆಂದರೆ ದಕ್ಷಿಣ ಭಾರತದ ಅತಿ ಪ್ರಸಿದ್ಧ ವರ್ತಕ ಸಂಘ ತನ್ನ ಹೆಸರನ್ನು ಪಡೆದದ್ದು ಈ ಊರಿನಿಂದ. ‘ಅಯ್ಯಾವೊಳೆ ಐನೂರ್ವರು’ ಎಂದು ಶಾಸನಗಳು ಕರೆಯುವ ಈ ಸಂಘದವರು ವೃಷಭ ಧ್ವಜವನ್ನು ಹಿಡಿದು, ತಮ್ಮದೇ ಆದ ‘ಬಣಂಜು ಧರ್ಮ’ ಎಂಬ ವ್ಯವಹಾರ ನಿಯಮಕ್ಕೆ ಕಟ್ಟುಬಿದ್ದು ದೇಶ ದೇಶ ಸುತ್ತಿದರು. ಆನೆ, ಕುದುರೆ, ನೀಲಮಣಿ, ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ ಇವೆಲ್ಲ ಅವರ ಸರಕುಗಳು. ಮಾಲು ಸಾಗಿದ್ದು ಕತ್ತೆ, ಕೋಣಗಳ ಬೆನ್ನಮೇಲೆ, ಮುಂದೆ ಹಡಗುಗಳಲ್ಲಿ. ಸುಮಾತ್ರಾ ದ್ವೀಪದ ಬಾರೂಸ್ ಬಳಿ ದೊರೆತ ಕ್ರಿ.ಶ. 1088ರ ತಮಿಳು ಶಾಸನದಲ್ಲಿಯೂ ಐನೂರ್ವರ ಉಲ್ಲೇಖವಿದೆ. ಇಂದು ರಫ್ತಿನ ಕಾಗದಪತ್ರಗಳೊಡನೆ ಹೆಣಗುವವರಿಗೆ ಇದು ಬೆರಗು ಹುಟ್ಟಿಸುವ ಸಂಗತಿಯೇ ಸರಿ.

ಅಂತಹ ಊರು ಇಂದು ಒಂದು ಸಾಧಾರಣ ಹಳ್ಳಿ. ಗಜಪೃಷ್ಠಾಕಾರದ ದುರ್ಗ ಗುಡಿ, ಲಾಡಖಾನ್ ಗುಡಿ, ರಾವಳಫಡಿ ಗುಹೆ ಇವು ಊರ ಸುತ್ತಮುತ್ತಲೇ ಇವೆ. ದುರ್ಗ ಗುಡಿಯ ಹೆಸರು ದೇವಿಯದಲ್ಲ, ಪಕ್ಕದಲ್ಲಿದ್ದ ಕೋಟೆಯದು. ಲಾಡಖಾನ್ ಎಂಬುದು ಹಿಂದೊಮ್ಮೆ ಅಲ್ಲಿ ವಾಸವಾಗಿದ್ದವನ ಹೆಸರು. ಬೆಟ್ಟದ ಮೇಲಿನ ಮೇಗುಟಿಯನ್ನು ಮಾತ್ರ ಬಿಡಬಾರದು. ಕ್ರಿ.ಶ. 634ರ ರವಿಕೀರ್ತಿಯ ಶಾಸನ ಅಲ್ಲಿಯೇ ಇದೆ; ಇಮ್ಮಡಿ ಪುಲಕೇಶಿಯ ವಿಜಯಗಳನ್ನು ಸಾರುವ ಆ ಶಾಸನದಲ್ಲಿ ಕಾಳಿದಾಸ, ಭಾರವಿಯರ ಹೆಸರುಗಳೂ ಬಂದಿವೆ.

ಪಟ್ಟದಕಲ್ಲು 1987ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದಲ್ಲಿ ಅದನ್ನು ನಿರ್ಮಿಸಿದ ಗುಂಡ ಅನಿವಾರಿತಾಚಾರಿಯ ಹೆಸರು ಶಾಸನದಲ್ಲಿ ಉಳಿದಿದೆ. ಆತನಿಗೆ ‘ತ್ರಿಭುವನಾಚಾರಿ’ ಎಂಬ ಬಿರುದೂ ದೊರೆಯಿತು. ಕಸುಬುದಾರನಿಗೆ ಇಂತಹ ಮನ್ನಣೆ ಅಪರೂಪ.

ಇನ್ನು ಗುಳೇದಗುಡ್ಡ. ಬಾದಾಮಿಯಿಂದ ದೂರವಿಲ್ಲದ ಈ ಪಟ್ಟಣ ಪ್ರವಾಸಿಗರ ಪಟ್ಟಿಯಲ್ಲಿಯೇ ಇಲ್ಲ, ಅದೇ ಖೇದದ ವಿಷಯ. ಇಳಕಲ್ಲ ಸೀರೆಗೆ ಜೋಡಿಯಾದ ಕುಪ್ಪಸದ ಖಣ ಇಲ್ಲಿಯ ಮಗ್ಗಗಳದ್ದು. ಉಡುಪಿನ ರೂಢಿ ಬದಲಾಗಿ, ವಿದ್ಯುತ್ ಮಗ್ಗದ ಅಗ್ಗದ ಬಟ್ಟೆ ಬಂದ ಮೇಲೆ ಕೈಮಗ್ಗದ ನೇಕಾರರು ಸೊರಗಿದರು. ಈಚೆಗೆ ಖಣದಿಂದ ಚೀಲ, ಕುರ್ತಾ, ದಿಂಬಿನ ಹೊದಿಕೆಗಳು ತಯಾರಾಗಿ ನಗರಗಳಲ್ಲಿ ಮಾರಾಟವಾಗುತ್ತಿವೆ. ಆದರೆ ಬಾದಾಮಿಗೆ ಬರುವ ಬಸ್ಸುಗಳು ಗುಳೇದಗುಡ್ಡದತ್ತ ತಿರುಗುವುದು ವಿರಳ. ಸಾವಿರಾರು ಜನ ಬಂದು ಹೋಗುವ ಸ್ಥಳದ ಪಕ್ಕದಲ್ಲಿಯೇ ಉತ್ಪಾದಕನಿಗೆ ಗಿರಾಕಿ ಸಿಗದಿರುವುದು ಮಾರುಕಟ್ಟೆಯ ಲೋಪವಲ್ಲದೆ ಮತ್ತೇನು?

ಬಾದಾಮಿಯಿಂದ ಪಟ್ಟದಕಲ್ಲು ಸುಮಾರು 22 ಕಿ.ಮೀ., ಅಲ್ಲಿಂದ ಐಹೊಳೆ ಇನ್ನೂ 13 ಕಿ.ಮೀ. ಬೇಸಿಗೆಯ ಬಿಸಿಲು ಕಠಿಣ. ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಹಿತ. ಬನದ ಹುಣ್ಣಿಮೆಯ ವೇಳೆಗೆ ಹೋದರೆ ಬಾದಾಮಿಯ ಸಮೀಪದಲ್ಲಿಯೇ ಬನಶಂಕರಿ ಜಾತ್ರೆ ನೆರೆದಿರುತ್ತದೆ. ರಾತ್ರಿಯಿಡೀ ನಾಟಕ ಕಂಪನಿಗಳ ಪ್ರದರ್ಶನ, ಹಗಲು ಮರದ ಬಾಗಿಲು, ಚೌಕಟ್ಟುಗಳ ಭರಾಟೆಯ ವ್ಯಾಪಾರ. ಚೌಕಾಸಿ ಬಲ್ಲವರು ಒಂದು ದಿನ ಹೆಚ್ಚು ಇಟ್ಟುಕೊಂಡು ಹೋಗುವುದು ಲೇಸು.