ಊರ ಕಾಲೇಜಿಗೆ ಆನರ್ಸ್ ಬಂದ ಬಗೆ

ಅಮೆರಿಕದ ಮಯಾಮಿ ನಗರದಲ್ಲಿ ಒಂದು ಕಾಲೇಜಿದೆ. ಹೈಸ್ಕೂಲು ಮುಗಿಸಿದ ಯಾರು ಹೋಗಿ ಕೇಳಿದರೂ ಅಲ್ಲಿ ಸೀಟು ಸಿಗುತ್ತದೆ. ಕಟ್‌ಆಫ್ ಇಲ್ಲ, ಮೆರಿಟ್ ಪಟ್ಟಿಯ ಮುಂದೆ ನೂಕುನುಗ್ಗಲೂ ಇಲ್ಲ. ಹೋಟೆಲಿನ ಪಾಳಿ ಮುಗಿಸಿ ಸಂಜೆ ಪಾಠಕ್ಕೆ ಬರುವ ಹುಡುಗರು, ಮಗುವನ್ನು ಶಾಲೆಗೆ ಬಿಟ್ಟು ತಾವೂ ತರಗತಿಗೆ ಓಡುವ ತಾಯಂದಿರು, ಇಂಗ್ಲಿಷ್ ಇನ್ನೂ ನಾಲಿಗೆಗೆ ಹೊಂದಿಕೊಳ್ಳದ ವಲಸಿಗರು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಜನ ಕಲಿಯುವ ಈ ಮಯಾಮಿ ಡೇಡ್ ಕಾಲೇಜು 2002ರಲ್ಲಿ ತನ್ನ ಅಂಗಳದಲ್ಲೇ ಒಂದು ‘ಆನರ್ಸ್ ಕಾಲೇಜು’ ತೆರೆಯಿತು. ಚೆನ್ನಾಗಿ ಓದುವ ಕೆಲವರನ್ನು ಆರಿಸಿ, ಚಿಕ್ಕ ತರಗತಿಗಳಲ್ಲಿ ಕೂರಿಸಿ, ದೊಡ್ಡ ವಿಶ್ವವಿದ್ಯಾಲಯಗಳಿಗೆ ಅಣಿಗೊಳಿಸುವುದು ಅದರ ಕೆಲಸ.

ಎಲ್ಲರನ್ನೂ ಸೇರಿಸಿಕೊಳ್ಳುವ ಕಾಲೇಜಿಗೆ ಕೆಲವರನ್ನು ಆರಿಸುವ ಉಸಾಬರಿ ಯಾಕೆ? ಇದಕ್ಕೆ ಉತ್ತರ ಸಿಗಬೇಕಾದರೆ ಅಮೆರಿಕದ ‘ಕಮ್ಯುನಿಟಿ ಕಾಲೇಜು’ ಎಂಬ ವ್ಯವಸ್ಥೆಯ ಪರಿಚಯ ಬೇಕು.

ಎರಡು ವರ್ಷದ ಕಾಲೇಜು

ಷಿಕಾಗೊ ಸಮೀಪದ ಜೋಲಿಯೆಟ್ ಎಂಬ ಊರಿನಲ್ಲಿ 1901ರಲ್ಲಿ ಹೈಸ್ಕೂಲಿಗೆ ಅಂಟಿಕೊಂಡಂತೆ ಎರಡು ವರ್ಷದ ಕಾಲೇಜು ಶುರುವಾಯಿತು. ಷಿಕಾಗೊ ವಿಶ್ವವಿದ್ಯಾಲಯದ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್ ಮತ್ತು ಊರಿನ ಹೈಸ್ಕೂಲಿನ ಮುಖ್ಯಸ್ಥ ಜೆ. ಸ್ಟ್ಯಾನ್ಲಿ ಬ್ರೌನ್ ಸೇರಿ ಮಾಡಿದ ಏರ್ಪಾಡು ಇದು. ಮೊದಲ ತಂಡದಲ್ಲಿ ಇದ್ದವರು ಆರೇ ವಿದ್ಯಾರ್ಥಿಗಳು. ಪದವಿಯ ಮೊದಲ ಎರಡು ವರ್ಷವನ್ನು ಮನೆಯ ಹತ್ತಿರವೇ ಕಡಿಮೆ ಖರ್ಚಿನಲ್ಲಿ ಓದಿ, ಉಳಿದದ್ದಕ್ಕೆ ವಿಶ್ವವಿದ್ಯಾಲಯಕ್ಕೆ ಹೋಗಲಿ ಎಂಬುದು ಲೆಕ್ಕ. ಎರಡನೇ ಮಹಾಯುದ್ಧದ ನಂತರ, 1947ರಲ್ಲಿ, ಅಧ್ಯಕ್ಷ ಟ್ರೂಮನ್ ನೇಮಿಸಿದ ಉನ್ನತ ಶಿಕ್ಷಣ ಆಯೋಗ ಇಂಥ ಕಾಲೇಜುಗಳ ಜಾಲ ದೇಶದ ತುಂಬ ಹರಡಬೇಕೆಂದು ಹೇಳಿತು. ‘ಕಮ್ಯುನಿಟಿ ಕಾಲೇಜು’ ಎಂಬ ಹೆಸರು ಚಾಲ್ತಿಗೆ ಬಂದದ್ದು ಆ ಆಯೋಗದ ವರದಿಯಿಂದ. ಇಂದು ಅಲ್ಲಿ ಸಾವಿರದಷ್ಟು ಕಮ್ಯುನಿಟಿ ಕಾಲೇಜುಗಳಿವೆ. ಕ್ಯಾಲಿಫೋರ್ನಿಯಾ ಒಂದರಲ್ಲೇ 116.

ಇಲ್ಲಿ ನರ್ಸಿಂಗ್, ವೆಲ್ಡಿಂಗ್, ಆಟೊಮೊಬೈಲ್ ರಿಪೇರಿಯಂಥ ವೃತ್ತಿ ಕೋರ್ಸ್‌ಗಳೂ ಇವೆ. ಪದವಿ ಬೇಕೆನ್ನುವವರು ಎರಡು ವರ್ಷದ ‘ಅಸೋಸಿಯೇಟ್’ ಪದವಿ ಮುಗಿಸಿ ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ಸೇರುತ್ತಾರೆ. ಅದಕ್ಕೆ ಅವರು ‘ಟ್ರಾನ್ಸ್‌ಫರ್’ ಎನ್ನುತ್ತಾರೆ. ನಮ್ಮಲ್ಲಿ ಪಾಲಿಟೆಕ್ನಿಕ್ ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಎಂಜಿನಿಯರಿಂಗ್‌ಗೆ ಸೇರುತ್ತಾರಲ್ಲ, ಹೆಚ್ಚುಕಡಿಮೆ ಅದೇ ದಾರಿ. ಅಲ್ಲಿ ಅದು ಕಲೆ, ವಿಜ್ಞಾನ, ವಾಣಿಜ್ಯ ಎಲ್ಲಕ್ಕೂ ಉಂಟು. ಕ್ಯಾಲಿಫೋರ್ನಿಯಾದ ನಿವಾಸಿಗೆ ಕಮ್ಯುನಿಟಿ ಕಾಲೇಜಿನ ಶುಲ್ಕ ಯೂನಿಟ್‌ಗೆ 46 ಡಾಲರ್. ಅಸೋಸಿಯೇಟ್ ಪದವಿಗೆ ಬೇಕಾದ 60 ಯೂನಿಟ್‌ಗೆ ಒಟ್ಟು 2,760 ಡಾಲರ್. ಅದೇ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಒಂದೇ ವರ್ಷಕ್ಕೆ ಇದಕ್ಕಿಂತ ಎಷ್ಟೋ ಹೆಚ್ಚು ತೆರಬೇಕು.

ಆಸೆ ತಣ್ಣಗಾಗುವ ಜಾಗ

ಕಾಗದದ ಮೇಲೆ ಈ ದಾರಿ ಸಲೀಸು. ನಡೆದು ನೋಡಿದರೆ ಅಷ್ಟು ಸಲೀಸಲ್ಲ ಎಂದು 1960ರಲ್ಲೇ ಬರ್ಟನ್ ಕ್ಲಾರ್ಕ್ ಎಂಬ ಸಮಾಜಶಾಸ್ತ್ರಜ್ಞ ಬರೆದರು. ಅವರು ಅಧ್ಯಯನಕ್ಕೆ ಆರಿಸಿಕೊಂಡದ್ದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಎರಡು ವರ್ಷದ ಕಾಲೇಜನ್ನು. ಪದವಿಯ ಕನಸು ಹೊತ್ತು ಬಂದವರಿಗೆ ಯಾರೂ ‘ನಿನ್ನಿಂದಾಗದು’ ಎಂದು ಮುಖಕ್ಕೆ ಹೇಳುವುದಿಲ್ಲ. ಪೂರ್ವಪರೀಕ್ಷೆ, ಪರಿಹಾರ ತರಗತಿ, ಸಲಹೆಗಾರರ ಮೆಲುಮಾತು ಇವುಗಳ ನಡುವೆ ಅವರ ಆಸೆ ತಾನಾಗಿಯೇ ತಣ್ಣಗಾಗುತ್ತದೆ. ಕಾಲೇಜು ಬೇರೆ ಕೆಲಸಗಳ ಜೊತೆ ಈ ತಣ್ಣಗಾಗಿಸುವ ಕೆಲಸವನ್ನೂ ಮಾಡುತ್ತದೆ ಎಂಬುದು ಕ್ಲಾರ್ಕ್ ಅವರ ವಾದ. ಆ ವಾದಕ್ಕೆ ಬಂದ ತಕರಾರುಗಳು ಹಲವು. ಆದರೆ ಅಂಕಿಅಂಶ ಅದನ್ನು ಪೂರ್ತಿ ಸುಳ್ಳು ಮಾಡಿಲ್ಲ. ಕಮ್ಯುನಿಟಿ ಕಾಲೇಜಿಗೆ ಸೇರುವವರಲ್ಲಿ ನೂರಕ್ಕೆ ಸುಮಾರು 80 ಮಂದಿ ಪೂರ್ಣ ಪದವಿ ಪಡೆಯುವ ಇಚ್ಛೆ ಹೇಳಿಕೊಳ್ಳುತ್ತಾರೆ. ವಿಶ್ವವಿದ್ಯಾಲಯದ ತನಕ ತಲುಪುವವರು ಮೂರರಲ್ಲೊಂದು ಪಾಲು. ಆರು ವರ್ಷದೊಳಗೆ ಪದವಿ ಕೈಗೆ ಬರುವುದು ನೂರಕ್ಕೆ 16 ಮಂದಿಗೆ ಮಾತ್ರ.

ಹೀಗೆ ನಡುವೆ ನಿಂತವರೆಲ್ಲ ಓದಿನಲ್ಲಿ ಹಿಂದಿದ್ದವರಲ್ಲ. ದುಡ್ಡಿಲ್ಲದೆ, ಮನೆಯ ಜವಾಬ್ದಾರಿ ಬಿಡದೆ, ಕೆಲವೊಮ್ಮೆ ‘ನೀನು ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕು’ ಎಂದು ಹೇಳುವ ಒಬ್ಬರೂ ಇಲ್ಲದೆ ನಿಂತವರು ಅವರಲ್ಲಿದ್ದಾರೆ. ಆನರ್ಸ್ ಕಾರ್ಯಕ್ರಮ ಹುಡುಕುವುದು ಇಂಥವರನ್ನು.

ಆಕ್ಸ್‌ಫರ್ಡ್ ಪಾಠ, ಊರ ಕಾಲೇಜಿನಲ್ಲಿ

ಅಮೆರಿಕದಲ್ಲಿ ಆನರ್ಸ್ ಓದಿಗೆ ಇಂದಿನ ರೂಪ ಕೊಟ್ಟವರಲ್ಲಿ ಫ್ರ್ಯಾಂಕ್ ಐಡಲಾಟ್ ಪ್ರಮುಖರು. ರೋಡ್ಸ್ ವಿದ್ಯಾರ್ಥಿವೇತನದಲ್ಲಿ ಆಕ್ಸ್‌ಫರ್ಡ್‌ಗೆ ಹೋಗಿ ಬಂದಿದ್ದ ಅವರು 1921ರಲ್ಲಿ ಪೆನ್ಸಿಲ್ವೇನಿಯಾದ ಸ್ವಾರ್ತ್‌ಮೋರ್ ಕಾಲೇಜಿನ ಅಧ್ಯಕ್ಷರಾದರು. ಮರುವರ್ಷವೇ ಅಲ್ಲಿ ಹೊಸ ಪದ್ಧತಿ ಬಂತು: ನಾಲ್ಕಾರು ವಿದ್ಯಾರ್ಥಿಗಳ ಸೆಮಿನಾರ್, ಅವರೇ ಬರೆದು ತಂದು ಓದುವ ಪ್ರಬಂಧ, ಅದರ ಮೇಲೆ ಚರ್ಚೆ, ಕೊನೆಗೆ ಹೊರಗಿನ ಪರೀಕ್ಷಕರಿಂದ ಪರೀಕ್ಷೆ. ಕೊಲರಾಡೊ ವಿಶ್ವವಿದ್ಯಾಲಯದ ಜೋಸೆಫ್ ಕೊಹೆನ್ 1950ರ ದಶಕದಲ್ಲಿ ಈ ಪದ್ಧತಿಯನ್ನು ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಒಯ್ಯಲು ಓಡಾಡಿದರು. 1966ರಲ್ಲಿ ಇಂಥ ಕಾರ್ಯಕ್ರಮಗಳಿಗಾಗಿಯೇ ‘ನ್ಯಾಷನಲ್ ಕಾಲೇಜಿಯೇಟ್ ಆನರ್ಸ್ ಕೌನ್ಸಿಲ್’ ಎಂಬ ರಾಷ್ಟ್ರೀಯ ಸಂಸ್ಥೆ ಹುಟ್ಟಿತು. ಎರಡು ವರ್ಷದ ಕಾಲೇಜುಗಳಲ್ಲಿ ಜಾಣರನ್ನು ಗುರುತಿಸಲು 1918ರಿಂದಲೇ ‘ಫೈ ಥೀಟಾ ಕಪ್ಪಾ’ ಎಂಬ ಗೌರವ ಸಂಘ ಇತ್ತು. ಸಂಘ ಗೌರವ ಕೊಡಬಲ್ಲದು; ಬೇರೆ ಬಗೆಯ ಪಾಠಕ್ಕೆ ಕಾಲೇಜೇ ಮುಂದಾಗಬೇಕಿತ್ತು.

ಮಯಾಮಿಯಲ್ಲಿ ಮುಂದಾದವರು ಎಡ್ವಾರ್ಡೊ ಪಡ್ರೋನ್. ಕ್ಯೂಬಾದಿಂದ 1961ರಲ್ಲಿ, ಹದಿನೈದರ ವಯಸ್ಸಿನಲ್ಲಿ, ಅಪ್ಪ ಅಮ್ಮನನ್ನು ಬಿಟ್ಟು ತಮ್ಮನ ಜೊತೆ ಬಂದ ನಿರಾಶ್ರಿತ ಹುಡುಗ. ಅವರಿಗೆ ಸೀಟು ಕೊಟ್ಟದ್ದು ಆಗತಾನೇ, 1960ರಲ್ಲಿ, ಆರಂಭವಾಗಿದ್ದ ಇದೇ ಕಾಲೇಜು. ಅಲ್ಲಿಂದ ಮುಂದೆ ಓದಿ ಅರ್ಥಶಾಸ್ತ್ರದಲ್ಲಿ ಪಿಎಚ್‌.ಡಿ. ಪಡೆದು, ಪಾಠ ಹೇಳಲು ಮರಳಿ ಬಂದು, 1995ರಿಂದ 2019ರವರೆಗೆ ಅದರ ಅಧ್ಯಕ್ಷರಾಗಿದ್ದರು. 2016ರಲ್ಲಿ ಪಡ್ರೋನ್ ಅವರಿಗೆ ಅಧ್ಯಕ್ಷ ಒಬಾಮ ‘ಪ್ರೆಸಿಡೆನ್ಷಿಯಲ್ ಮೆಡಲ್ ಆಫ್ ಫ್ರೀಡಂ’ ಕೊಟ್ಟರು. ಪಡ್ರೋನ್ ಅವರ ಕಾಲದಲ್ಲಿ ತೆರೆದ ಆನರ್ಸ್ ಕಾಲೇಜಿನಲ್ಲಿ ಆಯ್ಕೆಯಾದವರಿಗೆ ಶುಲ್ಕ ಭರಿಸುವ ವಿದ್ಯಾರ್ಥಿವೇತನವಿದೆ. ಕ್ಯೂಬನ್ನರು ನೆಲೆಸಿರುವ ಲಿಟಲ್ ಹವಾನಾ ಬಡಾವಣೆಯ ಕ್ಯಾಂಪಸ್‌ನಲ್ಲಿ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಆನರ್ಸ್ ಓದುವ ವಿಭಾಗವಿದೆ. ಮನೆಮಾತಿನಲ್ಲಿ ಓದುವುದನ್ನು ಅಲ್ಲಿ ಕೊರತೆ ಎಂದು ಬಗೆದಿಲ್ಲ; ಎರಡು ಭಾಷೆಯಲ್ಲಿ ಉನ್ನತ ಪಾಠ ಕಲಿಯುವುದನ್ನೇ ಆನರ್ಸ್ ಎಂದು ಕರೆದಿದ್ದಾರೆ. ಶಿಕ್ಷಣ ಮಾಧ್ಯಮದ ಜಗಳದಲ್ಲಿ ಸೋತು ಸುಣ್ಣವಾಗಿರುವ ನಮಗೆ ಇದು ಗಮನಿಸಬೇಕಾದ ಸಂಗತಿ.

ಕಟ್ಟುವ ಕೆಲಸ

ಎಲ್ಲ ಕಾಲೇಜಿಗೂ ಮಯಾಮಿಯಷ್ಟು ಬಲವಿರುವುದಿಲ್ಲ. ಸಾಮಾನ್ಯವಾಗಿ ಕಾರ್ಯಕ್ರಮ ಶುರುವಾಗುವುದು ಇಬ್ಬರು ಮೂವರು ಅಧ್ಯಾಪಕರ ಹಟದಿಂದ. ಮೊದಲು ಎದುರಾಗುವುದು ಲೆಕ್ಕಪತ್ರದ ಪ್ರಶ್ನೆ. ಮೂವತ್ತೈದು ನಲವತ್ತು ಮಂದಿ ಕೂರುವ ತರಗತಿಯಲ್ಲಿ ಇಪ್ಪತ್ತೇ ಮಂದಿಯನ್ನು ಕೂರಿಸಿದರೆ ಖರ್ಚು ಯಾರು ತುಂಬಬೇಕು? ಸಂಯೋಜಕರಾಗುವ ಅಧ್ಯಾಪಕರಿಗೆ ಬೋಧನೆಯ ಗಂಟೆಗಳಲ್ಲಿ ಎಷ್ಟು ಕಡಿತ ಕೊಡಬೇಕು? ಈ ಎರಡಕ್ಕೆ ಆಡಳಿತ ಮಂಡಳಿ ಒಪ್ಪದಿದ್ದರೆ ಉಳಿದುದೆಲ್ಲ ಬರೀ ಮಾತು.

ಪಾಠ ನಡೆಸಲು ಮೂರು ದಾರಿಗಳಿವೆ. ಆನರ್ಸ್ ವಿದ್ಯಾರ್ಥಿಗಳಿಗೇ ಪ್ರತ್ಯೇಕ ತರಗತಿ ನಡೆಸಬಹುದು. ಸಾಮಾನ್ಯ ತರಗತಿಯಲ್ಲೇ ಕೂರಿಸಿ, ಅವರಿಗಷ್ಟೇ ಹೆಚ್ಚುವರಿ ಚರ್ಚೆ ಮತ್ತು ಬರವಣಿಗೆ ಇಡಬಹುದು. ಅಥವಾ ಸೆಮಿಸ್ಟರಿನ ಆರಂಭದಲ್ಲಿ ವಿದ್ಯಾರ್ಥಿ ಮತ್ತು ಅಧ್ಯಾಪಕರು ಒಂದು ಒಪ್ಪಂದ ಬರೆದುಕೊಂಡು, ಆ ಕೋರ್ಸಿಗೆ ಸಂಬಂಧಿಸಿದ ಒಂದು ಸ್ವತಂತ್ರ ಅಧ್ಯಯನ ಮುಗಿಸಬಹುದು. ಹಣ ಕಡಿಮೆ ಇರುವ ಸಣ್ಣ ಕಾಲೇಜುಗಳ ಕೈಗೆಟುಕುವುದು ಮೂರನೆಯದು. ಹೀಗೆ ಐದಾರು ಕೋರ್ಸ್ ಮುಗಿಸಿದರೆ ಅಂಕಪಟ್ಟಿಯಲ್ಲಿ ‘ಆನರ್ಸ್’ ಎಂದು ನಮೂದಾಗುತ್ತದೆ.

ಆನರ್ಸ್ ಎಂದರೆ ಎರಡು ಪಟ್ಟು ಹೋಂವರ್ಕ್ ಎಂದು ತಿಳಿದ ಕಡೆ ಕಾರ್ಯಕ್ರಮ ಬೇಗ ಸೊರಗುತ್ತದೆ. ಅಮೆರಿಕದ ಇತಿಹಾಸದ ಪಾಠವನ್ನೇ ನೋಡಿ. ಸಾಮಾನ್ಯ ತರಗತಿಯಲ್ಲಿ ಪಠ್ಯಪುಸ್ತಕ ಓದಿ ಪರೀಕ್ಷೆ ಬರೆದರೆ ಮುಗಿಯಿತು. ಆನರ್ಸ್ ತರಗತಿಯಲ್ಲಿ ಆ ಕಾಲದ ಪತ್ರಿಕೆ, ಖಾಸಗಿ ಕಾಗದ, ಜನಗಣತಿಯ ಹಾಳೆಗಳನ್ನು ಕೈಗೆ ಕೊಟ್ಟು ‘ಇದರಿಂದ ನಿನಗೇನು ತೋರುತ್ತದೆ, ವಾದಿಸು’ ಎನ್ನುತ್ತಾರೆ. ಪಠ್ಯ ಅಷ್ಟೇ ಇರುತ್ತದೆ, ಓದುವ ಬಗೆ ಬೇರೆಯಾಗುತ್ತದೆ.

ಆಯ್ಕೆಯ ಕ್ರಮದಲ್ಲೂ ಒಂದು ಜಾಣತನವಿದೆ. ಹೈಸ್ಕೂಲಿನ ಅಂಕ ನೋಡಿ ಸೇರಿಸುವುದು ಒಂದು ಬಾಗಿಲು. ಅನೇಕ ಕಾಲೇಜುಗಳು ಎರಡನೆಯದನ್ನೂ ಇಟ್ಟಿವೆ: ಹೈಸ್ಕೂಲಿನಲ್ಲಿ ಎಡವಿದ್ದರೂ ಇಲ್ಲಿಗೆ ಬಂದ ಮೇಲೆ ಮೊದಲ ಒಂದೆರಡು ಸೆಮಿಸ್ಟರ್ ಚೆನ್ನಾಗಿ ಓದಿ ತೋರಿಸಿದರೆ ಆನರ್ಸ್‌ಗೆ ಅರ್ಹ. ಮೂವತ್ತು ದಾಟಿದ ಮೇಲೆ ಓದಿಗೆ ಮರಳಿದವರು ಒಳಗೆ ಬರುವುದು ಈ ಬಾಗಿಲಿನಿಂದ. ಅವರನ್ನು ಕರೆದು ತರುವುದೇ ಕಷ್ಟ. ‘ಅದು ಜಾಣರಿಗೆ, ನಮಗಲ್ಲ’ ಎಂದು ಅರ್ಜಿಯನ್ನೇ ಹಾಕದವರು ಎಲ್ಲ ಕಡೆ ಇರುತ್ತಾರೆ. ತರಗತಿಯಲ್ಲಿ ಕಂಡ ಅಧ್ಯಾಪಕರು ಹೆಸರು ಹಿಡಿದು ‘ನೀನು ಹಾಕು’ ಎನ್ನದಿದ್ದರೆ ಅವರು ಬರುವುದಿಲ್ಲ.

ಆಚೆ ದಡದ ಒಪ್ಪಂದ

ಇಷ್ಟೆಲ್ಲ ಆದರೂ ಮುಂದೆ ವಿಶ್ವವಿದ್ಯಾಲಯ ಈ ಓದಿಗೆ ಬೆಲೆ ಕೊಡದಿದ್ದರೆ ಪ್ರಯೋಜನವಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಈ ಕೊಂಡಿ ಗಟ್ಟಿಯಾಗಿದೆ. ಯುಸಿಎಲ್‌ಎ ವಿಶ್ವವಿದ್ಯಾಲಯ 1985ರಲ್ಲಿ ‘ಟ್ರಾನ್ಸ್‌ಫರ್ ಅಲಯನ್ಸ್’ ಎಂಬ ಕಾರ್ಯಕ್ರಮ ಆರಂಭಿಸಿತು. ಸದಸ್ಯ ಕಮ್ಯುನಿಟಿ ಕಾಲೇಜಿನ ಆನರ್ಸ್ ಮುಗಿಸಿ, ಕಾಲೇಜಿನಿಂದ ಪ್ರಮಾಣಪತ್ರ ಪಡೆದವರ ಅರ್ಜಿಗೆ ಅಲ್ಲಿ ಆದ್ಯತೆ ಸಿಗುತ್ತದೆ. ಸೀಟಿನ ಖಾತ್ರಿ ಇದಲ್ಲ, ಆದರೆ ಸಾವಿರಾರು ಅರ್ಜಿಗಳ ರಾಶಿಯಲ್ಲಿ ಕಳೆದುಹೋಗುವ ಭಯ ತಪ್ಪುತ್ತದೆ. ಆನರ್ಸ್ ಕಾಲೇಜುಗಳ ಒಕ್ಕೂಟ ವಿದ್ಯಾರ್ಥಿಗಳಿಗಾಗಿ ಸಂಶೋಧನಾ ಸಮ್ಮೇಳನವನ್ನೂ ನಡೆಸುತ್ತದೆ. ಎರಡನೇ ವರ್ಷದ ಹುಡುಗಿಯೊಬ್ಬಳು ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ನಿಂತು ಪ್ರಬಂಧ ಮಂಡಿಸುವ ಅವಕಾಶ ಅದು. ಹಣದ ತೊಂದರೆ ಇರುವ ಪ್ರತಿಭಾವಂತರಿಗೆ ಜಾಕ್ ಕೆಂಟ್ ಕುಕ್ ಪ್ರತಿಷ್ಠಾನ ವರ್ಷಕ್ಕೆ 55,000 ಡಾಲರ್‌ವರೆಗೆ ಟ್ರಾನ್ಸ್‌ಫರ್ ವಿದ್ಯಾರ್ಥಿವೇತನ ಕೊಡುತ್ತದೆ.

ಕನ್ನಡಿಗರು ಹೆಚ್ಚಾಗಿ ನೆಲೆಸಿರುವ ಸಿಲಿಕಾನ್ ಕಣಿವೆಯಲ್ಲೂ, ಕ್ಯುಪರ್ಟಿನೊದ ಡಿ ಆಂಜಾ ಮತ್ತು ಅದರ ಸೋದರ ಕಾಲೇಜು ಫುಟ್‌ಹಿಲ್‌ನಲ್ಲಿ ಆನರ್ಸ್ ಕಾರ್ಯಕ್ರಮಗಳಿವೆ. ಆ್ಯಪಲ್ ಸ್ಥಾಪಕರಲ್ಲೊಬ್ಬರಾದ ಸ್ಟೀವ್ ವೊಜ್ನಿಯಾಕ್ ಡಿ ಆಂಜಾದಲ್ಲಿ ಓದಿದವರೇ.

ತಕರಾರು ಮತ್ತು ತೀರ್ಮಾನ

ಇದಕ್ಕೆ ಆಕ್ಷೇಪವೂ ಹಳೆಯದು. ಸಮಾನತೆಯ ಹೆಸರಲ್ಲಿ ಹುಟ್ಟಿದ ಕಾಲೇಜಿನಲ್ಲಿ ಮೇಲು ಕೀಳು ಯಾಕೆ, ಒಳ್ಳೆಯ ಅಧ್ಯಾಪಕರೂ ಹಣವೂ ಇಪ್ಪತ್ತು ಮಂದಿಯ ಪಾಲಾದರೆ ಉಳಿದವರ ಗತಿ ಏನು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಹೈಸ್ಕೂಲಿನ ಅಂಕವನ್ನಷ್ಟೇ ನಂಬಿ, ಹಗಲು ಹೊತ್ತಿನಲ್ಲಷ್ಟೇ ಪಾಠ ಇಟ್ಟರೆ ಆನರ್ಸ್ ತರಗತಿಯಲ್ಲಿ ಉಳ್ಳವರ ಮಕ್ಕಳೇ ತುಂಬಿಕೊಳ್ಳುತ್ತಾರೆ. ಸಂಜೆ ತರಗತಿ, ತಡವಾಗಿ ಸೇರುವ ಅವಕಾಶ, ಶುಲ್ಕದ ನೆರವು ಇರುವ ಕಡೆ ಚಿತ್ರ ಬೇರೆ. ಅಧ್ಯಾಪಕರು ಆನರ್ಸ್‌ಗಾಗಿ ರೂಪಿಸಿದ ಪಾಠಕ್ರಮವನ್ನು ತಮ್ಮ ಸಾಮಾನ್ಯ ತರಗತಿಗೂ ಒಯ್ದರೆ ಲಾಭ ಎಲ್ಲರದು.

ನಮ್ಮ ಕರ್ನಾಟಕದಲ್ಲಿ ಆನರ್ಸ್ ಎಂದರೆ ವರ್ಷಗಳ ಎಣಿಕೆ. 2021–22ರಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿ ಬಂತು; 2024–25ರಲ್ಲಿ ಮೂರು ವರ್ಷಕ್ಕೇ ಮರಳಿದೆವು. ಎರಡೂ ಸಲ ವರ್ಷದ ಬಗ್ಗೆ ಆದಷ್ಟು ಚರ್ಚೆ ಓದಿನ ಬಗೆಯ ಕುರಿತು ಆಗಲಿಲ್ಲ. ಅಮೆರಿಕದ ಕಮ್ಯುನಿಟಿ ಕಾಲೇಜಿಗೆ ಗುಣದಲ್ಲಿ ಹತ್ತಿರವಾದವು ರಾಜ್ಯದ 400ಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು. ಕಡಿಮೆ ಶುಲ್ಕ, ಮನೆಗೆ ಹತ್ತಿರ, ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರೇ ಅಲ್ಲಿ ಬಹುಪಾಲು. ಅತಿಥಿ ಉಪನ್ಯಾಸಕರ ಮೇಲೆ ನಿಂತಿರುವ ಈ ಕಾಲೇಜುಗಳಿಗೆ ಮಯಾಮಿಯ ವೈಭವ ಬೇಕಿಲ್ಲ. ಒಬ್ಬ ಅಧ್ಯಾಪಕರಿಗೆ ವಾರಕ್ಕೆ ನಾಲ್ಕು ಗಂಟೆ ಬಿಡುವು, ಇಪ್ಪತ್ತು ವಿದ್ಯಾರ್ಥಿಗಳು, ಹತ್ತಿರದ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಪ್ರವೇಶ, ವರ್ಷಕ್ಕೊಂದು ಪ್ರಬಂಧ ಮಂಡನೆ ಇಷ್ಟಿದ್ದರೆ ಆರಂಭಕ್ಕೆ ಸಾಕು. ಕಾಲೇಜು ಶಿಕ್ಷಣ ಇಲಾಖೆ ಜಿಲ್ಲೆಗೊಂದು ಕಾಲೇಜಿನಲ್ಲಿ ಇದನ್ನು ಮಾಡಿ ನೋಡಬೇಕು. ಸೀಟು ಕೊಟ್ಟರೆ ಸರ್ಕಾರದ ಅರ್ಧ ಕೆಲಸವಷ್ಟೇ ಆಯಿತು. ಆ ಸೀಟಿನಲ್ಲಿ ಕೂತವರು ಎಷ್ಟು ದೂರ ಹೋಗಬಲ್ಲರೋ ಅಷ್ಟು ದೂರ ಹೋಗಲು ನೆರವಾಗುವುದು ಉಳಿದರ್ಧ.